ವಾರ್ಡಿನ ಹಣ ಯಾವುದಕ್ಕೆ ಮೊದಲು? ಆರೋಗ್ಯದ ದೃಷ್ಟಿಯಿಂದ ಫುಟ್‌ಪಾತ್, ಉದ್ಯಾನ, ಕೆರೆ, ನೀರು ಮತ್ತು ಮರಗಳ ಹೋಲಿಕೆ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಅದು ಬೆಂಕಿಯಂತೆ ಹಬ್ಬಿತು. ಆ ಕಾಲದಲ್ಲಿ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರದ ನಕ್ಷೆಯಲ್ಲಿ ರೋಗದ ಭಯ ಕಲಿಸಿದ ಪಾಠ ಇಂದಿಗೂ ಕಾಣುತ್ತದೆ: ನೇರವಾದ ಅಡ್ಡರಸ್ತೆಗಳು, ಗಾಳಿ ಆಡಲು ಮನೆಯ ಸುತ್ತ ಬಿಟ್ಟ ಜಾಗ, ಮಲ ಸಾಗಿಸುವವರು ಹಿಂಬದಿಯಿಂದಲೇ ಬಂದು ಹೋಗಲೆಂದು ಎರಡು ಸಾಲು ಮನೆಗಳ ನಡುವೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಮಂಡಳಿ ರಚನೆಯಾದದ್ದೂ ಇದೇ ಕಾಲದ ಚಿಂತನೆಯಿಂದ. ಊರಿನ ನಕ್ಷೆಯೂ ಒಂದು ಔಷಧವೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಆದರೆ ಅಂದಿನ ಕಾಯಿಲೆಯೇ ಬೇರೆ, ಇಂದಿನದೇ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಅದರ ಜೊತೆಗೆ ರಕ್ತದೊತ್ತಡ, ಹೃದ್ರೋಗ, ಹೊಗೆ ಕುಡಿದ ಶ್ವಾಸಕೋಶ, ರಸ್ತೆಯಲ್ಲಿ ಮುರಿದ ಸೊಂಟ, ಮಳೆಗಾಲದ ಡೆಂಗಿ ಇವೆ. ವಾರ್ಡ್ ಸಮಿತಿಗಳಲ್ಲಿ, ಕ್ಷೇಮಾಭಿವೃದ್ಧಿ ಸಂಘಗಳಲ್ಲಿ ಕೂತು ಇರುವಷ್ಟೇ ಅನುದಾನವನ್ನು ಯಾವ ಕಾಮಗಾರಿಗೆ ಕೇಳಬೇಕೆಂದು ತೀರ್ಮಾನಿಸುವವರಿಗಾಗಿ ಈ ಬರಹ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡಗಳವು. ಲೆಕ್ಕಾಚಾರ ಮಾತ್ರ ದಾವಣಗೆರೆಗೂ ತುಮಕೂರಿಗೂ ಅಷ್ಟೇ ಸಲ್ಲುತ್ತದೆ.

ಹೋಲಿಕೆಗೆ ಬೇಕಾದ ಅಳತೆಗೋಲು

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಿಂದ ಬಸ್ ನಿಲ್ದಾಣಕ್ಕೆ 8 ನಿಮಿಷ, ಇಳಿದ ಮೇಲೆ ಕಚೇರಿಗೆ 8 ನಿಮಿಷ, ಸಂಜೆ ಮತ್ತೆ ಅಷ್ಟೇ ಚುರುಕಾಗಿ ನಡೆಯುವವರ ಲೆಕ್ಕ ಹಾಕಿ ನೋಡಿ: ದಿನಕ್ಕೆ 32 ನಿಮಿಷ, ಐದು ದಿನಕ್ಕೆ 160 ನಿಮಿಷ. ವ್ಯಾಯಾಮ ಮಾಡಬೇಕೆಂಬ ಸಂಕಲ್ಪವಿಲ್ಲದೆ, ಬೆಳಿಗ್ಗೆ ಐದಕ್ಕೆ ಏಳದೆ, ಬೂಟು ಕೊಳ್ಳದೆ ಆ ಗುರಿ ಮುಟ್ಟಿಹೋಯಿತು. ಉದ್ಯಾನದ ಓಪನ್ ಜಿಮ್‌ಗೆ ಬರುವವರು ಬರಬೇಕೆಂದು ಮನಸ್ಸು ಮಾಡಿ ಬರುವವರು. ಅವರಲ್ಲಿ ಬಹುಪಾಲು ಜನರಿಗೆ ಬಿಡುವೂ ಇದೆ, ಆರೋಗ್ಯದ ಅರಿವೂ ಇದೆ. ನಿಲ್ದಾಣದ ದಾರಿಯಲ್ಲಿ ನಡೆಯುವವರು ಮನೆಗೆಲಸದವರು, ಗಾರ್ಮೆಂಟ್ಸ್ ಕೆಲಸಗಾರರು, ಕಾಲೇಜು ಮಕ್ಕಳು, ಆಸ್ಪತ್ರೆಗೆ ಹೊರಟ ವೃದ್ಧರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಬಸ್ಸು ಉಚಿತವಾಗಿದೆ, ಆದರೆ ಬಸ್ಸಿನವರೆಗಿನ ದಾರಿ ಮಾತ್ರ ಅನೇಕ ಕಡೆ ಹಿಂದಿನಂತೆಯೇ ಇದೆ.

ಆದ್ದರಿಂದ ನನ್ನ ಅಳತೆಗೋಲು ಒಂದೇ. ಜನ ಬಿಡುವು ಮಾಡಿಕೊಂಡು ಹೋಗಬೇಕಾದ ಸ್ಥಳಕ್ಕಿಂತ, ಜನ ದಿನವೂ ಹೇಗಿದ್ದರೂ ದಾಟಲೇಬೇಕಾದ ದಾರಿಗೆ ಹಣದ ಮೊದಲ ಪಾಲು ಹೋಗಬೇಕು. ಆ ದಾರಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕಾಲೇ ಪರೀಕ್ಷಕ. ಮುಂದಿನ ಹೋಲಿಕೆಗಳೆಲ್ಲ ಇದರ ಮೇಲೆ ನಿಂತಿವೆ.

ರಸ್ತೆ ಅಗಲೀಕರಣವೋ, ಫುಟ್‌ಪಾತೋ

ನಮ್ಮ ಸೋದರತ್ತೆಗೆ ಎಪ್ಪತ್ತೆರಡು ವರ್ಷ, ಮಂಡಿನೋವಿದೆ. ಮನೆಯಿಂದ ಔಷಧಿ ಅಂಗಡಿಗೆ ನಾಲ್ಕುನೂರು ಮೀಟರ್ ಇರಬಹುದು. ಒಂದು ದಿನ ಅವರ ಜೊತೆ ನಡೆಯುತ್ತ, ಫುಟ್‌ಪಾತಿನಿಂದ ಎಷ್ಟು ಸಲ ಇಳಿದು ಹತ್ತಬೇಕಾಗುತ್ತದೆಂದು ಎಣಿಸಿದೆ. ಹತ್ತೊಂಬತ್ತನೆಯ ಸಲಕ್ಕೆ ಅತ್ತೆ "ಸಾಕು ಕಣೋ, ರಸ್ತೆಯಲ್ಲೇ ಹೋಗೋಣ" ಎಂದರು. ಮನೆಮನೆಯ ಗೇಟಿನ ಮುಂದೆ ಕಾರು ಹತ್ತಿಸಲು ಕಡಿದ ಇಳಿಜಾರು, ಒಂದು ಕಡೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಡೆ ಎತ್ತಿಟ್ಟು ಮರಳಿ ಮುಚ್ಚದ ಚಪ್ಪಡಿ, ಅದರಡಿಯಲ್ಲಿ ಕಪ್ಪಗೆ ಕಾಣುವ ಚರಂಡಿ. ಅಂದಿನಿಂದ ಅತ್ತೆ ಔಷಧಿಯನ್ನು ಮನೆಗೇ ತರಿಸಿಕೊಳ್ಳುತ್ತಾರೆ. ದಿನಕ್ಕೆ ಎಂಟುನೂರು ಮೀಟರ್ ನಡೆಯುತ್ತಿದ್ದ ಸಕ್ಕರೆ ಕಾಯಿಲೆಯ ಜೀವವೊಂದು ನಡೆಯುವುದನ್ನೇ ಬಿಟ್ಟಿತು. ಇದು ಯಾವ ಆಸ್ಪತ್ರೆಯ ದಾಖಲೆಯಲ್ಲೂ ಬರುವುದಿಲ್ಲ.

ನಮ್ಮ ಫುಟ್‌ಪಾತ್‌ಗಳು ಹೀಗಾಗಲು ಕಾರಣವಿದೆ. ಹೆಚ್ಚಿನ ಕಡೆ ಅವು ಮಳೆನೀರಿನ ಚರಂಡಿಯ ಮುಚ್ಚಳಗಳೇ ಹೊರತು ನಡೆಯಲೆಂದು ವಿನ್ಯಾಸಗೊಂಡವಲ್ಲ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುವುದರಿಂದ ರಸ್ತೆ ಮೇಲೇರುತ್ತದೆ, ಅದರ ಹಿಂದೆಯೇ ಚರಂಡಿಯ ಗೋಡೆಯೂ ಚಪ್ಪಡಿಯೂ ಏರುತ್ತವೆ, ಮನೆಗಳ ಗೇಟು ತಗ್ಗಿನಲ್ಲಿ ಉಳಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ತನ್ನ 2012ರ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯಲ್ಲಿ, ಯಾವ ಅಡ್ಡಿಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲವನ್ನೂ ರಸ್ತೆಯಿಂದ 150 ಮಿಲಿಮೀಟರ್ ಮೀರದ ಎತ್ತರವನ್ನೂ ಹೇಳಿದೆ. ಆ 1.8 ಮೀಟರಿನಲ್ಲಿ ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಬಲ್ಲವು. ನಿಮ್ಮ ಎಂಜಿನಿಯರ್ ತಂದ ಅಂದಾಜು ಪಟ್ಟಿಯಲ್ಲಿ "ಫುಟ್‌ಪಾತ್ ಅಭಿವೃದ್ಧಿ" ಎಂದಷ್ಟೇ ಇದ್ದರೆ ಈ ಎರಡು ಅಳತೆಗಳನ್ನು ಬರೆಸಿ, ಮೂರನೆಯದಾಗಿ ಗೇಟುಗಳ ಮುಂದೆ ಫುಟ್‌ಪಾತ್ ಕೆಳಗಿಳಿಯದೆ ಸಮತಟ್ಟಾಗಿ ಮುಂದುವರಿಯಬೇಕು, ಅಂಚಿನಲ್ಲಷ್ಟೇ ವಾಹನಕ್ಕೆ ಇಳಿಜಾರು ಇರಬೇಕು ಎಂಬ ಷರತ್ತನ್ನು ಸೇರಿಸಿ. ಟೈಲ್ಸಿನ ಬಣ್ಣದ ಬಗ್ಗೆ ಸಭೆಯಲ್ಲಿ ಅರ್ಧ ಗಂಟೆ ಚರ್ಚೆಯಾಗುತ್ತದೆ, ಈ ಮೂರನೆಯ ಷರತ್ತಿನ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅದನ್ನು ಬಿಟ್ಟರೆ ಉಳಿದ ಎರಡೂ ವ್ಯರ್ಥ.

ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳು ಇದಕ್ಕೆ ಕಣ್ಣೆದುರಿನ ಮಾದರಿ. ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ನೀರು, ಒಳಚರಂಡಿ, ವಿದ್ಯುತ್ ಮತ್ತು ದೂರಸಂಪರ್ಕದ ಸಾಲುಗಳನ್ನು ಬದಿಗೆ ಸರಿಸಿ, ಮತ್ತೆ ಮತ್ತೆ ಅಗೆಯದಂತೆ ಅಲ್ಲಲ್ಲಿ ಚೇಂಬರ್ ಕೊಟ್ಟು, ವಾಹನದ ಪಥಗಳ ಅಗಲವನ್ನು ಉದ್ದಕ್ಕೂ ಒಂದೇ ಸಮ ಇಟ್ಟು, ಉಳಿದ ಜಾಗವನ್ನು ನಡೆಯುವವರಿಗೆ ಬಿಡಲಾಯಿತು. ಮಾಮೂಲಿ ಕಾಮಗಾರಿಗಿಂತ ಇದು ತುಂಬಾ ದುಬಾರಿ, ಹಣವೆಲ್ಲ ನಗರದ ನಡುಭಾಗಕ್ಕೆ ಹೋಯಿತು ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ವಾರ್ಡಿನ ಮಟ್ಟದಲ್ಲಿ ಕಲಿಯಬೇಕಾದದ್ದು ಅಲ್ಲಿನ ಗ್ರಾನೈಟ್ ಅಲ್ಲ, ಸಮತಟ್ಟಾದ ದಾರಿ ಮತ್ತು ನೆಲದಡಿಯ ಶಿಸ್ತು. ಇವೆರಡೂ ಸಾದಾ ಕಾಂಕ್ರೀಟಿನಲ್ಲೂ ಸಾಧ್ಯ.

ರಸ್ತೆ ಅಗಲೀಕರಣದ ಪರವಾಗಿ ಇರುವ ವಾದ ದಟ್ಟಣೆ ಇಳಿಯುತ್ತದೆ ಎಂಬುದು. ಸ್ವಲ್ಪ ಕಾಲ ಇಳಿಯುವುದು ನಿಜ. ಆಮೇಲೆ ಆ ದಾರಿ ಸಲೀಸೆಂದು ತಿಳಿದವರೆಲ್ಲ ಅಲ್ಲಿಗೆ ತಿರುಗಿ ಮತ್ತೆ ತುಂಬಿಸುತ್ತಾರೆ. ದಟ್ಟಣೆಯಿಲ್ಲದ ರಾತ್ರಿಯಲ್ಲಿ ಅದೇ ಅಗಲ ವೇಗಕ್ಕೆ ಕರೆ ಕೊಡುತ್ತದೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಬಸ್ಸು, ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುವಷ್ಟು ಕಿರಿದಾದ ಕುತ್ತಿಗೆಯಂಥ ಜಾಗಗಳಿದ್ದರೆ ಅಷ್ಟನ್ನು ಮಾತ್ರ ಅಗಲಿಸಿ. ಉಳಿದ ಕಡೆ ಆ ಹಣ ಫುಟ್‌ಪಾತಿಗೆ ಸಲ್ಲಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಯೋಜಿಸಿದ್ದ ಉಕ್ಕಿನ ಮೇಲ್ಸೇತುವೆಯನ್ನು ಜನರು ವಿರೋಧಿಸಿ, 2017ರಲ್ಲಿ ಸರ್ಕಾರ ಅದನ್ನು ಕೈಬಿಟ್ಟದ್ದನ್ನು ನೆನೆದರೆ, ಇಂಥ ಆಯ್ಕೆಗಳು ನಾಗರಿಕರ ಕೈಮೀರಿದವೇನಲ್ಲ.

ಸ್ಕೈವಾಕೋ, ನೆಲದ ಮೇಲಿನ ದಾಟುಜಾಗವೋ

ಇದರಲ್ಲಿ ನನಗೆ ಅನುಮಾನವೇ ಇಲ್ಲ. ಸ್ಕೈವಾಕ್ ರಸ್ತೆಯಿಂದ ಸುಮಾರು 5.5 ಮೀಟರ್ ಎತ್ತರಕ್ಕೆ ಹೋಗಬೇಕಾದ್ದರಿಂದ, 15 ಸೆಂಟಿಮೀಟರಿನ ಮೆಟ್ಟಿಲಾದರೆ ಹತ್ತಲು ನಲವತ್ತರ ಆಸುಪಾಸು, ಇಳಿಯಲು ಅಷ್ಟೇ. ಲಿಫ್ಟ್ ಇದ್ದರೂ ಅದು ಕರೆಂಟಿಗೂ ನಿರ್ವಹಣೆಗೂ ಕೈಚಾಚಿ ನಿಂತಿರುತ್ತದೆ. ಬೆಂಗಳೂರಿನಲ್ಲಿ ಅನೇಕ ಸ್ಕೈವಾಕ್‌ಗಳು ಜಾಹೀರಾತಿನ ಹಕ್ಕಿಗೆ ಪ್ರತಿಯಾಗಿ ಖಾಸಗಿಯವರು ಕಟ್ಟಿಕೊಟ್ಟವು. ಪಾಲಿಕೆಗೆ ಖರ್ಚಿಲ್ಲವೆಂಬ ಆಕರ್ಷಣೆ ಇದೆ, ಆದರೆ ಜಾಹೀರಾತು ಚೆನ್ನಾಗಿ ಕಾಣುವ ಜಾಗವೂ ಜನ ದಾಟುವ ಜಾಗವೂ ಒಂದೇ ಆಗಿರಬೇಕೆಂದಿಲ್ಲ. ಅದರ ಬದಲು ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ ಅದರ ಮೇಲೆ ಜೀಬ್ರಾ ಪಟ್ಟಿ ಬಳಿದರೆ, ವಾಹನ ತಾನಾಗಿ ನಿಧಾನಿಸುತ್ತದೆ, ನಡೆಯುವವರು ಹತ್ತಿ ಇಳಿಯುವುದು ತಪ್ಪುತ್ತದೆ. ಶಾಲೆ, ಮಾರುಕಟ್ಟೆ, ಆರೋಗ್ಯ ಕೇಂದ್ರಗಳ ಮುಂದೆ ಇದೇ ಸರಿ. ಹೆದ್ದಾರಿಯಂಥ, ಸಿಗ್ನಲ್ ಹಾಕಲಾಗದ ರಸ್ತೆಗಳಲ್ಲಿ ಮಾತ್ರ ಸ್ಕೈವಾಕ್ ಕೇಳಿ.

ಒಂದು ದೊಡ್ಡ ಉದ್ಯಾನವೋ, ನಾಲ್ಕು ಸಣ್ಣವೋ

ನಗರ ಅರಣ್ಯದ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟ ಒಂದು ಸರಳ ಸೂತ್ರವಿದೆ: ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ 30ರಷ್ಟು ಭಾಗಕ್ಕೆ ಮರಗಳ ನೆರಳಿರಬೇಕು, 300 ಮೀಟರಿನೊಳಗೆ ಒಂದು ಹಸಿರು ತಾಣ ಸಿಗಬೇಕು. ಲಾಲ್‌ಬಾಗ್ ಎಷ್ಟೇ ಚೆಲುವಾಗಿದ್ದರೂ ಪೀಣ್ಯದ ಅಜ್ಜಿಗೆ ಅದು ವರ್ಷಕ್ಕೊಮ್ಮೆಯ ಮಾತು. ನಡೆದು ಹೋಗುವಷ್ಟು ಹತ್ತಿರದ ಸಣ್ಣ ಉದ್ಯಾನವೇ ಆರೋಗ್ಯದ ಲೆಕ್ಕದಲ್ಲಿ ಮೇಲು. ಆದರೆ ಮಕ್ಕಳು ಚೆಂಡಾಡುವ ಮೈದಾನವನ್ನು ಸಣ್ಣ ಉದ್ಯಾನ ತುಂಬಿಕೊಡಲಾರದು. ಮೈದಾನದ ಜಾಗದಲ್ಲಿ ಕಾರಂಜಿ, ಹುಲ್ಲುಹಾಸು, "ಆಟವಾಡಬಾರದು" ಎಂಬ ಫಲಕ ಹಾಕಿ ಅದನ್ನು ಉದ್ಯಾನವೆಂದು ಕರೆಯುವ ಪ್ರಸ್ತಾವ ಬಂದರೆ ದಯವಿಟ್ಟು ಒಪ್ಪಬೇಡಿ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆ ನಮ್ಮಲ್ಲಿ 1985ರ ಕಾಯ್ದೆಯೇ ಇದೆ.

ಇನ್ನೊಂದು ವಿಷಯ ಗೇಟಿನದು. ಬೆಳಿಗ್ಗೆ ಸಂಜೆ ವಾಕಿಂಗ್‌ಗೆ ತೆರೆದು ಮಧ್ಯಾಹ್ನ ಬೀಗ ಜಡಿಯುವ ಉದ್ಯಾನ, ಬಿಸಿಲಿನಲ್ಲಿ ನೆರಳು ಬೇಕಾದ ಪೌರಕಾರ್ಮಿಕರಿಗೆ, ಎರಡು ಮನೆಗೆಲಸದ ನಡುವೆ ಬುತ್ತಿ ಬಿಚ್ಚುವ ಹೆಂಗಸಿಗೆ, ಡೆಲಿವರಿ ಹುಡುಗರಿಗೆ ಇದ್ದೂ ಇಲ್ಲದಂತೆ. ಹೊಸ ಜಿಮ್ ಸಲಕರಣೆಗಿಂತ ಮೊದಲು ಇಡೀ ದಿನ ತೆರೆದ ಗೇಟು, ಕುಡಿಯುವ ನೀರು, ಚೊಕ್ಕಟವಾದ ಶೌಚಾಲಯ ಕೇಳಿ. ಇವುಗಳಲ್ಲಿ ಮೊದಲನೆಯದಕ್ಕೆ ಖರ್ಚೇ ಇಲ್ಲ.

ಕೆರೆಗೆ ಬೇಲಿ, ತಿರುವುಗಾಲುವೆ, ಶುದ್ಧೀಕರಣ

ಕೆರೆಯ ವಿಷಯದಲ್ಲಿ ಸಾಮಾನ್ಯವಾಗಿ ಮೂರು ಪ್ರಸ್ತಾವಗಳು ಮೇಜಿಗೆ ಬರುತ್ತವೆ. ಬೇಲಿ ಹಾಕಿ ಸುತ್ತ ನಡಿಗೆಯ ಹಾದಿ, ದೀಪ, ಕಾರಂಜಿ ಮಾಡುವುದು ಎಲ್ಲಕ್ಕಿಂತ ಬೇಗ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎಲ್ಲಕ್ಕಿಂತ ಬೇಗ ಮಂಜೂರಾಗುತ್ತದೆ. ಕೊಳಚೆ ಒಳಬರುತ್ತಲೇ ಇದ್ದರೆ ಆ ಹಾದಿಯಲ್ಲಿ ನಡೆಯುವವರು ಮೂಗು ಮುಚ್ಚಿಕೊಂಡು ನಡೆಯುತ್ತಾರೆ. ಎರಡನೆಯದು ಕೊಳಚೆಯನ್ನು ತಿರುವುಗಾಲುವೆಯಲ್ಲಿ ಕೆರೆಯ ಆಚೆಗೆ ಕಳಿಸುವುದು. ನಮ್ಮ ಕೆರೆಗಳು ಒಂದರ ಕೋಡಿ ಇನ್ನೊಂದರ ತಲೆಗೆ ಹರಿಯುವಂತೆ ಸರಪಳಿಯಾಗಿ ಕಟ್ಟಿದವು. ಮೇಲಿನವರು ತಿರುಗಿಸಿದ ಕೊಳಚೆ ಕೆಳಗಿನ ಕೆರೆಯಲ್ಲಿ ನಿಲ್ಲುತ್ತದೆ, ಮೇಲಿನ ಕೆರೆ ಬೇಸಿಗೆಯಲ್ಲಿ ಒಣಗುತ್ತದೆ. ಸರಪಳಿಯ ಕೆಳಭಾಗದಲ್ಲಿರುವ ಬೆಳ್ಳಂದೂರು ಕೆರೆ ನೊರೆ ಕಾರಿದ್ದನ್ನೂ 2017ರಲ್ಲಿ ಅಲ್ಲಿ ಬೆಂಕಿ ಹೊತ್ತಿದ್ದನ್ನೂ ಲೋಕವೇ ನೋಡಿತು.

ಮೂರನೆಯದು ನಿಧಾನದ, ಸರಿಯಾದ ದಾರಿ. ಜಕ್ಕೂರು ಕೆರೆಯಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕದಿಂದ ಹೊರಬರುವ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ; ಜೊಂಡು, ಆಪು ಬೆಳೆದ ಜೌಗಿನಲ್ಲಿ ಹಾದು, ಉಳಿದ ಸಾರಜನಕ ರಂಜಕಗಳನ್ನು ಗಿಡಗಳಿಗೆ ಬಿಟ್ಟುಕೊಟ್ಟು ಕೆರೆ ಸೇರುತ್ತದೆ. ಅಲ್ಲಿ ಮೀನು ಹಿಡಿಯುವವರಿದ್ದಾರೆ, ಹಕ್ಕಿಗಳಿವೆ, ಸುತ್ತಲ ಬಾವಿಗಳಿಗೆ ನೀರಿನ ಆಸರೆಯಿದೆ. ಇದಕ್ಕೂ ಪ್ರತಿದಿನದ ಕಾವಲು ಬೇಕು. ಘಟಕಕ್ಕೆ ಬಾರದ ಕೊಳಚೆ ರಾಜಕಾಲುವೆಯಿಂದ ನುಗ್ಗಿದರೆ ಜೌಗೂ ಸೋಲುತ್ತದೆ. ಹಣ ಸಾಲದಿದ್ದರೆ ಕಾರಂಜಿ ಬಿಟ್ಟು ಒಳಚರಂಡಿ ಸಂಪರ್ಕವಿಲ್ಲದ ಬೀದಿಗಳನ್ನು ಮೊದಲು ಜೋಡಿಸಿ. ಕೆರೆಯ ಆರೋಗ್ಯ ಕೆರೆಯ ಏರಿಯ ಮೇಲಲ್ಲ, ಎರಡು ಮೈಲಿ ಮೇಲಿನ ಮನೆಗಳ ಪೈಪಿನಲ್ಲಿದೆ.

ಫಾಗಿಂಗ್ ಯಂತ್ರವೋ, ನಲ್ಲಿಯ ನೀರೋ

ಡೆಂಗಿ ಬಂದ ಕೂಡಲೇ ಹೊಗೆಯಂತ್ರ ಕೇಳುವುದು ನಮ್ಮ ಅಭ್ಯಾಸ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೊಳಚೆ ಕಾಲುವೆಯ ಸೊಳ್ಳೆಯಲ್ಲ, ಅದು ಮನೆಯ ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆ, ಹಳೆಯ ಟೈರಿನಲ್ಲಿ ನಿಂತ ತಿಳಿನೀರಿನಲ್ಲಿ ಮರಿಮಾಡುತ್ತದೆ. ಮೂರು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಲ್ಲಿ ಡ್ರಮ್ಮು ತುಂಬಿಡಬೇಡಿ ಎಂದು ಯಾವ ಬಾಯಿಂದ ಹೇಳುವುದು? ಹೊಗೆ ಹಾರಾಡುವ ಸೊಳ್ಳೆಗಳನ್ನಷ್ಟೇ ಕೆಲವು ಗಂಟೆ ತಗ್ಗಿಸುತ್ತದೆ.

ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆದಾಗ ಸಂಶೋಧಕರು ಅಲ್ಲಿನ ಮನೆಗಳನ್ನು ಬಿಟ್ಟುಬಿಟ್ಟು ನೀರು ಬರುವ ಬಡಾವಣೆಗಳ ಮನೆಗಳೊಂದಿಗೆ ಹೋಲಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಒಟ್ಟಾರೆ ಮಕ್ಕಳ ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಟೈಫಾಯ್ಡ್ ಕಡಿಮೆಯಿತ್ತು, ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ಬಿಟ್ಟುಬಿಟ್ಟು ನೀರು ಹರಿಸುವ ಪೈಪಿನಲ್ಲಿ ಒತ್ತಡ ಇಲ್ಲದ ಹೊತ್ತಿಗೆ ಬಿರುಕುಗಳಿಂದ ಚರಂಡಿಯ ನೀರು ಒಳಸೇರಬಹುದು ಎಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ. ಆಸ್ತಿಗೊಂದು ಓವರ್‌ಹೆಡ್ ಟ್ಯಾಂಕು, ಬೋರ್‌ವೆಲ್ಲು ಇರುವವರ ಧ್ವನಿ ಸಭೆಯಲ್ಲಿ ಜೋರಾಗಿರುತ್ತದೆ. ನೀರಿನ ತೀರ್ಮಾನವನ್ನು ಡ್ರಮ್ಮಿನವರನ್ನು ಕರೆದು ಕೇಳದೆ ಮಾಡಬೇಡಿ.

ಮರ: ಸಾಲೋ, ಗುಂಪೋ

ಹರಿಣಿ ನಾಗೇಂದ್ರ ಮತ್ತು ಸಹಸಂಶೋಧಕರು ಬೆಂಗಳೂರಿನ ರಸ್ತೆಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೆ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೆ ಕಡಿಮೆ ಇರುವುದು ಕಂಡುಬಂತು. ಏಪ್ರಿಲ್ ಮಧ್ಯಾಹ್ನ ಬಸ್ಸಿಗೆ ಕಾಯುವವರಿಗೆ ಇದಕ್ಕಿಂತ ದೊಡ್ಡ ಸೌಲಭ್ಯವಿಲ್ಲ. ಈಗ ಮಿಯಾವಾಕಿ ಮಾದರಿಯ ದಟ್ಟ ಗುಂಪು ನೆಡುವ ಉತ್ಸಾಹ ಹೆಚ್ಚಾಗಿದೆ. ಹಕ್ಕಿ, ಚಿಟ್ಟೆಗಳಿಗೆ ಅದು ಒಳ್ಳೆಯದೇ. ಆದರೆ ಅದರಡಿಯಲ್ಲಿ ಯಾರೂ ನಡೆಯಲಾಗದು. ನಡೆಯುವವರ ನೆರಳಿಗೆ ಸಾಲುಮರವೇ ಬೇಕು. ಹೊಂಗೆ, ಬೇವು, ನೇರಳೆಯಂಥ ಕೊಡೆ ಬಿಚ್ಚುವ ಮರಗಳನ್ನು ಆರಿಸಿ, ವಿದ್ಯುತ್ ತಂತಿ ಇಲ್ಲದ ಬದಿಯಲ್ಲಿ ನೆಡಿಸಿ, ಬುಡದ ಸುತ್ತ ಮೀಟರಿನಷ್ಟಾದರೂ ಮಣ್ಣು ಬಿಡಿಸಿ. ಕಾಂಡದ ಕತ್ತಿಗೆ ಕಾಂಕ್ರೀಟ್ ಒತ್ತಿ ನಿಂತ ಮರ ಮಳೆಗಾಲದ ಗಾಳಿಗೆ ಬೀಳುವುದು ಮರದ ತಪ್ಪಲ್ಲ.

ಬಸ್ಸು, ಮೆಟ್ರೊ

ಇವು ವಾರ್ಡಿನ ಅಧಿಕಾರದಲ್ಲಿಲ್ಲದ ಕಾರಣ ಚುಟುಕಾಗಿ ಹೇಳುತ್ತೇನೆ. ಮೆಟ್ರೊ ಬರಲು ವರ್ಷಗಳು ಬೇಕು. ಬಸ್ಸಿಗೆ ಪ್ರತ್ಯೇಕ ಪಥ ಕೊಡಲು ಬಣ್ಣ, ಗೂಟ ಮತ್ತು ಪೊಲೀಸರ ಮನಸ್ಸು ಸಾಕು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಇಂಥ ಪಥ ಬಂದಿತ್ತು. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಪ್ರತ್ಯೇಕ ಪಥದ ಚಿಗರಿ ಬಸ್ಸುಗಳು ಸುಮಾರು 22 ಕಿಲೋಮೀಟರ್ ಉದ್ದದ ಮಾರ್ಗದಲ್ಲಿ ಓಡುತ್ತಿವೆ. ವಾರ್ಡಿನ ಪಾಲಿಗೆ ಬರುವುದು ನಿಲ್ದಾಣದ ಸುತ್ತಲಿನ ಐನೂರು ಮೀಟರು. ಅಲ್ಲಿ ಬೀದಿದೀಪ ಹತ್ತುತ್ತದೆಯೇ, ರಾತ್ರಿ ಒಂಬತ್ತಕ್ಕೆ ಒಬ್ಬಳೇ ಇಳಿದ ಹುಡುಗಿ ನಿರ್ಭಯವಾಗಿ ಮನೆ ಮುಟ್ಟುತ್ತಾಳೆಯೇ ಎಂಬುದೇ ಪ್ರಶ್ನೆ.

ನಿಮ್ಮ ವಾರ್ಡ್ ಯಾವ ಬಗೆಯದು

ಹಳೆಯ ಪೇಟೆಯಲ್ಲಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರವೇ ಇದೆ. ಅಲ್ಲಿ ಬೇಕಾದದ್ದು ವೇಗ ತಗ್ಗಿಸುವುದು, ಒಳಚರಂಡಿ ಸರಿಪಡಿಸುವುದು, ಸಿಕ್ಕ ಸಣ್ಣ ಜಾಗದಲ್ಲಿ ನೆರಳು. ಮೂವತ್ತು ನಲವತ್ತು ವರ್ಷದ ಹಿಂದೆ ನಿವೇಶನ ಹಂಚಿ ಮಾಡಿದ ಬಡಾವಣೆಗಳಲ್ಲಿ ಉದ್ಯಾನ, ಮರ ಎರಡೂ ಇರುತ್ತವೆ. ಅಲ್ಲಿನ ನಿವಾಸಿಗಳಿಗೆ ಈಗ ವಯಸ್ಸಾಗಿದೆ, ಹಾಗಾಗಿ ಕಣ್ಣುಮುಚ್ಚಿ ಫುಟ್‌ಪಾತ್ ಆರಿಸಿ. ಕೃಷಿ ಜಮೀನಿನಲ್ಲಿ ಯೋಜನೆಯ ಒಪ್ಪಿಗೆಯಿಲ್ಲದೆ ಎದ್ದ ಊರಂಚಿನ ರೆವಿನ್ಯೂ ಬಡಾವಣೆಗಳಲ್ಲಿ ನೀರು ಮತ್ತು ಒಳಚರಂಡಿ ಮೊದಲು, ಅದರ ಪೈಪು ಹೂಳುವಾಗಲೇ ಫುಟ್‌ಪಾತಿನ ಜಾಗ ಗುರುತಿಸುವುದು ಎರಡನೆಯದು. ಪೈಪಿಗೆ ಮುಂಚೆ ಡಾಂಬರು ಹಾಕಿಸಿದರೆ ಆರು ತಿಂಗಳಲ್ಲಿ ಅದನ್ನು ಅಗೆಯುತ್ತಾರೆ.

ಸಭೆಗೆ ಮುಂಚಿನ ವಾರ, ಗಾಲಿಕುರ್ಚಿಯನ್ನೋ ಮಗುವಿನ ತಳ್ಳುಗಾಡಿಯನ್ನೋ ತೆಗೆದುಕೊಂಡು, ವಾರ್ಡಿನ ಎಂಜಿನಿಯರನ್ನೂ ಕರೆದುಕೊಂಡು, ಬಸ್ ನಿಲ್ದಾಣದಿಂದ ಆರೋಗ್ಯ ಕೇಂದ್ರದವರೆಗೆ ಬೆಳಿಗ್ಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ತಳ್ಳಿಕೊಂಡು ಹೋಗಿ. ಗಾಲಿ ನಿಂತ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೊ ತೆಗೆದು, ಅಂದಾಜು ಪಟ್ಟಿಯನ್ನು ಆ ಗುರುತುಗಳಿಂದಲೇ ಬರೆಸಿ. ಕಾಮಗಾರಿ ಮುಗಿಯಿತೆಂದು ಗುತ್ತಿಗೆದಾರರು ಬಿಲ್ಲು ತಂದಾಗ, ಸಮಿತಿಯ ಒಪ್ಪಿಗೆಗೆ ಮುಂಚೆ ಅದೇ ಗಾಡಿಯನ್ನು ಅದೇ ದಾರಿಯಲ್ಲಿ ಮತ್ತೊಮ್ಮೆ ತಳ್ಳಿ ನೋಡಿ.